ಆಯಿಯ ಪಿತ್ತಕೋಶದ ಆಪರೇಶನ್ ಕೆಟ್ಟಿತು. ಕೇಸ್ ಹಾಕಬೇಕಾ, ಬಿಡಬೇಕಾ?

ಶಿರಸಿ ಕಡೆಯವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಮನೆಯಲ್ಲಿ ಈ ವಿಷಯಕ್ಕೆ ದಿನಾ ವಾದ. ಹೊರಗಿನವರು ಏನು ಹೇಳುತ್ತೀರಿ ನೋಡೋಣ ಅಂತ ಬರೆಯುತ್ತಿದ್ದೇನೆ.

ಆಯಿಗೆ, ಅಂದರೆ ನಮ್ಮ ಅಮ್ಮನಿಗೆ, ಪಿತ್ತಕೋಶದಲ್ಲಿ ಕಲ್ಲು ಇತ್ತು. ಕಳೆದ ವರ್ಷ ಅಡಿಕೆಯ ಕೊನೆಕೊಯ್ಲು ಮುಗಿದ ಮೇಲೆ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿಸಿದೆವು. ಸಣ್ಣ ತೂತು ಹಾಕಿ ತೆಗೆಯುತ್ತಾರಲ್ಲ, ಆ ಲ್ಯಾಪ್ರೊಸ್ಕೋಪಿ. ಬೇಗ ಮನೆಗೆ ಕಳಿಸುತ್ತೇವೆ ಅಂದಿದ್ದರು, ಕಳಿಸಿದರು. ಮನೆಗೆ ಬಂದ ಮೇಲೆ ಹೊಟ್ಟೆ ಉಬ್ಬಿತು. ಗಂಜಿ ತಿಳಿ ಕೂಡ ಇಳಿಯಲಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಗ್ಯಾಸ್ ಇರುತ್ತದೆ, ಓಡಾಡಿಸಿ, ಮಾತ್ರೆ ಕೊಡಿ ಅಂದರು. ಮರುದಿನ ಮತ್ತೆ ಮಾಡಿದೆ. ಅದೇ ಮಾತು. ಆಮೇಲೆ ಜ್ವರ ಬಂತು, ಕಣ್ಣು ಹಳದಿಯಾಯಿತು. ನಮ್ಮೂರಿನ ಡಾಕ್ಟ್ರು ಹೊಟ್ಟೆ ಮುಟ್ಟಿ ನೋಡಿದವರೇ ಇಲ್ಲಿ ಇಟ್ಟುಕೊಳ್ಳಬೇಡಿ, ಹೊರಡಿ ಅಂದರು.

ಆಂಬುಲೆನ್ಸ್ ಮಾಡಿಕೊಂಡು ಮಂಗಳೂರಿಗೆ ಹೋದೆವು. ಪಿತ್ತನಾಳಕ್ಕೇ ಪೆಟ್ಟಾಗಿತ್ತು. ಪಿತ್ತರಸ ಹೊಟ್ಟೆಯೊಳಗೆಲ್ಲ ಸೋರಿತ್ತು. ಮೊದಲು ಟ್ಯೂಬ್ ಹಾಕಿ ಅದನ್ನು ಹೊರಗೆ ತೆಗೆದರು. ಸೋಂಕು ಪೂರ್ತಿ ಇಳಿಯಲಿ ಅಂತ ಟ್ಯೂಬಿನ ಸಮೇತ ಮನೆಗೆ ಕಳಿಸಿದರು. ಚೀಲ ತುಂಬಿದ ಹಾಗೆ ಅಳೆದು ಚೆಲ್ಲಬೇಕಿತ್ತು. ಡೇರಿಗೆ ಹಾಲು ಹಾಕುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಿದ್ದೆ: ಬೆಳಿಗ್ಗೆ 350, ಸಂಜೆ 200. ಪಿತ್ತ ತಾಗಿದಲ್ಲೆಲ್ಲ ಹಸಿರು ಕಲೆ. ಎರಡು ಸೀರೆ ಹಾಗೇ ಹೋದವು. ಆಮೇಲೆ ಮತ್ತೆ ಮಂಗಳೂರಿನಲ್ಲಿ ದೊಡ್ಡ ಆಪರೇಶನ್. ನಾಳವನ್ನು ಕರುಳಿಗೆ ಜೋಡಿಸಿದರು.

ಈಗ ಆಯಿ ಪರವಾಗಿಲ್ಲ. ಆದರೆ ಅಡಿಕೆ ಸುಲಿಯಲು ಕೂತರೆ ಒಂದು ಗಂಟೆಗೇ ಸುಸ್ತು. ಖರ್ಚು ಎಲ್ಲ ಸೇರಿ 9 ಲಕ್ಷ ದಾಟಿತು. ವಿಮೆ ಬಂದಿದ್ದು ಅರ್ಧಕ್ಕಿಂತ ಕಡಿಮೆ, ಉಳಿದಿದ್ದು ಸೊಸೈಟಿ ಸಾಲ. ತಮ್ಮ ಕೇಸ್ ಹಾಕೇ ಹಾಕುತ್ತೇನೆ ಅನ್ನುತ್ತಾನೆ. ಅಪ್ಪಯ್ಯ, ಜೀವ ಉಳಿಯಿತಲ್ಲ, ಕೋರ್ಟು ಕಚೇರಿ ಬೇಡ ಅನ್ನುತ್ತಾರೆ. ಹುಬ್ಬಳ್ಳಿ ಆಸ್ಪತ್ರೆ ತೋರಿಸಿದ್ದು ನಮ್ಮ ಸೋದರಮಾವ. ಹಾಗಾಗಿ ಮನೆಯೊಳಗೆ ಅದೊಂದು ಬೇರೆ ಕಸಿವಿಸಿ. ನನಗೆ ಎರಡೂ ಕಡೆ ಸರಿ ಅನ್ನಿಸುತ್ತದೆ. ಇಂಥದ್ದರಲ್ಲಿ ಹೋದವರಿದ್ದರೆ ಹೇಳಿ.

ಘಟ್ಟದ ಕೆಳಗಿನವ

ಕೇಸ್ ಎಂತದು ಅಕ್ಕ. ಆಸ್ಪತ್ರೆ ಬಾಗಿಲಲ್ಲಿ ಕೂತು ಫೇಸ್‌ಬುಕ್ ಲೈವ್ ಮಾಡಿ. ನಾಲ್ಕು ಜನ ಹೋಗಿ ಜೋರು ಮಾಡಿದರೆ ಅವತ್ತೇ ದುಡ್ಡು ಬರುತ್ತದೆ. ಪೊಲೀಸ್ ಕಂಪ್ಲೇಂಟೂ ಕೊಡಿ, ಡಾಕ್ಟ್ರು ಒಳಗೆ ಹೋಗಲಿ.

ಕರಿಕೋಟು, ಕಾರವಾರ

ದಯವಿಟ್ಟು ಅದು ಬೇಡ. ಆಸ್ಪತ್ರೆಯಲ್ಲಿ ಗಲಾಟೆ, ಹಲ್ಲೆ ತಡೆಯುವುದಕ್ಕೆ ಕರ್ನಾಟಕದಲ್ಲಿ 2009ರಿಂದಲೇ ಕಾನೂನಿದೆ. ನ್ಯಾಯ ಕೇಳಲು ಹೋದವರು ಆರೋಪಿಗಳಾಗಿ ವಾಪಸ್ ಬಂದಿದ್ದನ್ನು ನೋಡಿದ್ದೇನೆ. ಪೊಲೀಸರ ವಿಷಯಕ್ಕೆ ಬಂದರೆ, 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಕ್ರಿಮಿನಲ್ ಕೇಸಿಗೆ ಘೋರ ನಿರ್ಲಕ್ಷ್ಯವೇ ಬೇಕು, ಬೇರೆ ವೈದ್ಯರ ಅಭಿಪ್ರಾಯ ಇಲ್ಲದೆ ಮುಂದುವರಿಯಬಾರದು, ಸುಮ್ಮನೆ ಬಂಧಿಸುವ ಹಾಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಬಗ್ಗೆ ವಾಟ್ಸ್ಯಾಪಿನಲ್ಲಿ ಓಡಾಡುತ್ತದಲ್ಲ, ಅದು ರೋಗಿ ತೀರಿಕೊಂಡಿದ್ದರೆ ಮಾತ್ರ. ಆಯಿ ಇದ್ದಾರೆ, ದೇವರ ದಯೆ.

ನಿಮ್ಮ ದಾರಿ ಗ್ರಾಹಕ ಆಯೋಗ. ಮೇಡಂ, ಮೊದಲು ತಾರೀಖು ನೋಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು 2 ವರ್ಷ ಅವಕಾಶ. ಕೊನೆಕೊಯ್ಲಿನ ಲೆಕ್ಕದಲ್ಲಿ ನಿಮಗೆ ಒಂದು ವರ್ಷ ಆಗಲೇ ಕಳೆದಿದೆ. ತಡವಾದರೆ ಕಾರಣ ಕೊಟ್ಟು ಮಾಫಿ ಕೇಳಬಹುದು, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ಹಾಕುವುದೋ ಬಿಡುವುದೋ ಆಮೇಲೆ. ಈಗ ರೆಕಾರ್ಡ್ ತರಿಸಿ.

ಶಿರಸಿ ಕಡೆಯವಳು

ಡಿಸ್ಚಾರ್ಜ್ ಸಮ್ಮರಿ, ಬಿಲ್ಲು ಎಲ್ಲ ಇದೆ ಸರ್. ಅಷ್ಟು ಸಾಲದಾ?

ಹೊನ್ನಾವರದ ಸಿಸ್ಟರ್

ಸಾಲದು ತಂಗಿ. ನಾನು ವಾರ್ಡಿನಲ್ಲಿ ತುಂಬ ವರ್ಷ ಕೆಲಸ ಮಾಡಿದವಳು, ಆ ಅನುಭವದಿಂದ ಹೇಳುತ್ತೇನೆ. ಸಮ್ಮರಿ ಅಂದರೆ ಕಥೆಯ ಕೊನೆ ಪುಟ. ನಿಜವಾದ ಕಥೆ ಕೇಸ್ ಶೀಟಿನಲ್ಲಿರುತ್ತದೆ. ಆಪರೇಶನ್ ನೋಟ್ಸ್, ಅರಿವಳಿಕೆ ಚಾರ್ಟ್, ಡಾಕ್ಟ್ರು ರೌಂಡ್ಸ್‌ನಲ್ಲಿ ಬರೆದಿದ್ದು, ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರ, ಲ್ಯಾಬ್ ರಿಪೋರ್ಟು, ಎಲ್ಲಕ್ಕಿಂತ ಮುಖ್ಯ ನರ್ಸಿಂಗ್ ನೋಟ್ಸ್. ರಾತ್ರಿ ಪಾಳಿಯ ಹುಡುಗಿಯರು ಗಂಟೆಗಂಟೆಗೆ ಏನಾಯಿತು ಅಂತ ಬರೆಯುತ್ತಾರೆ. ನಾಡಿ ಎಷ್ಟು, ಜ್ವರ ಎಷ್ಟು, ರೋಗಿ ಏನಂದರು, ಯಾವ ಡಾಕ್ಟ್ರಿಗೆ ತಿಳಿಸಿದರು. ಅದನ್ನು ಯಾರೂ ಕೇಳುವುದೇ ಇಲ್ಲ.

ಆಯಿಯ ಸಹಿ ಇರುವ ಅರ್ಜಿ ಕೊಡಿ. ಕೇಳಿದ 72 ಗಂಟೆಯೊಳಗೆ ರೆಕಾರ್ಡ್ ಕೊಡಬೇಕು ಅಂತ ವೈದ್ಯರ ನಡತೆಯ 2002ರ ನಿಯಮದಲ್ಲೇ ಇದೆ. ಒಳರೋಗಿಗಳ ದಾಖಲೆ 3 ವರ್ಷ ಇಟ್ಟುಕೊಳ್ಳಬೇಕು ಅಂತಲೂ ಇದೆ. ಅರ್ಜಿಯ ಇನ್ನೊಂದು ಪ್ರತಿಯಲ್ಲಿ ಸೀಲ್ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ತಯಾರಿಲ್ಲದಿದ್ದರೆ ಜಗಳ ಆಡಬೇಡಿ, ಸ್ಪೀಡ್ ಪೋಸ್ಟ್ ಮಾಡಿ. ಕೇಸಿಗೆ ಬೇಕು ಅಂತ ಬರೆಯಬೇಡಿ. ಮುಂದಿನ ಚಿಕಿತ್ಸೆಗೆ ಬೇಕು ಅಂದರೆ ಸಾಕು, ಅದು ಸುಳ್ಳೂ ಅಲ್ಲ.

ಕತ್ತರಿ

ನಾನೊಬ್ಬ ಸರ್ಜನ್. ಹುಬ್ಬಳ್ಳಿಯವನಲ್ಲ. ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ.

ಈ ಆಪರೇಶನ್ನಿನಲ್ಲಿ ಪಿತ್ತನಾಳಕ್ಕೆ ಪೆಟ್ಟಾಗುವುದು ಎಲ್ಲರಿಗೂ ಗೊತ್ತಿರುವ ತೊಡಕು. ಸಾವಿರ ಆಪರೇಶನ್ನಿಗೆ 3ರಿಂದ 6 ಅಂತ ಸಾಮಾನ್ಯವಾಗಿ ಹೇಳುತ್ತೇವೆ. ಪಿತ್ತಕೋಶದಿಂದ ಬರುವ ಸಣ್ಣ ನಾಳವನ್ನು ಕತ್ತರಿಸಬೇಕು, ಲಿವರಿನಿಂದ ಕರುಳಿಗೆ ಹೋಗುವ ಮುಖ್ಯ ನಾಳವನ್ನು ಮುಟ್ಟಬಾರದು. ಹಳೆಯ ಊತ ಇದ್ದರೆ ಎರಡೂ ಒಂದಕ್ಕೊಂದು ಅಂಟಿಕೊಂಡು ಒಂದೇ ಥರ ಕಾಣುತ್ತವೆ. ಒಳ್ಳೆ ಕೈಯವರಿಗೂ ಆಗಿದೆ. ಹಾಗಾಗಿ 'ನಾಳ ಕತ್ತರಿಸಿಹೋಯಿತು, ಆದ್ದರಿಂದ ನಿರ್ಲಕ್ಷ್ಯ' ಅಂತ ಹೋದರೆ ಎದುರಿನ ವಕೀಲರು ಮೊದಲ ದಿನವೇ ಪಠ್ಯಪುಸ್ತಕ ತೆಗೆದು ಇದು ತೊಡಕು ಅಂತ ತೋರಿಸುತ್ತಾರೆ.

ಇನ್ನೊಂದು ಮಗ್ಗುಲೂ ಇದೆ. ಮಂಗಳೂರಿನ ಸಮ್ಮರಿಯಲ್ಲಿ ನಾಳದ ಪೆಟ್ಟಿನ ಬಗೆ ಹೇಳುವ ಸ್ಟ್ರಾಸ್‌ಬರ್ಗ್ ಅಂತ ಒಂದು ಪದ, ಪಕ್ಕದಲ್ಲಿ ಒಂದು ಅಕ್ಷರ ಇರಬಹುದು, ನೋಡಿ. 'ಎ' ಅಂದರೆ ಹೆಚ್ಚಾಗಿ ಸಣ್ಣ ನಾಳದ ತುದಿಯಿಂದ ಸೋರಿದ್ದು. 'ಇ' ಅಂದರೆ ಮುಖ್ಯ ನಾಳಕ್ಕೇ ಪೆಟ್ಟು. ಕರುಳಿಗೆ ಜೋಡಿಸಿದ್ದಾರೆ ಅಂದರೆ 'ಇ' ಇರಬೇಕು. ಆಮೇಲೆ ಹುಬ್ಬಳ್ಳಿಯ ಆಪರೇಶನ್ ನೋಟ್ಸ್ ಓದಿಸಿ. ಕತ್ತರಿಸುವ ಮುಂಚೆ ಆ ಜಾಗ ಸ್ವಚ್ಛವಾಗಿ ಬಿಡಿಸಿ, ಎರಡೇ ಎರಡು ಕೊಳವೆ ಪಿತ್ತಕೋಶಕ್ಕೆ ಹೋಗುತ್ತಿರುವುದನ್ನು ನೋಡಿಕೊಂಡೆ ಅಂತ ಬರೆದಿದ್ದಾರಾ? ಅಂಟು ಜಾಸ್ತಿ ಇತ್ತು ಅಂತಿದ್ದರೆ, ಹೊಟ್ಟೆ ತೆರೆದು ಮಾಡುವ ವಿಚಾರ ಬಂತಾ? ಕ್ಯಾಮೆರಾದ ವಿಡಿಯೋ ಇದ್ದರೆ ಅದನ್ನೂ ಕೇಳಿ. ಎಲ್ಲ ಕಡೆ ಇಟ್ಟುಕೊಳ್ಳುವುದಿಲ್ಲ, ಆದರೂ ಅರ್ಜಿಯಲ್ಲಿ ಬರೆಯಿರಿ.

ನನ್ನ ಕೇಳಿದರೆ ನಿಮ್ಮ ಕೇಸಿನ ಜೀವ ಆಪರೇಶನ್ನಿನಲ್ಲಿಲ್ಲ, ಆ ಫೋನಿನಲ್ಲಿದೆ. ಈ ಆಪರೇಶನ್ ಆದವರಿಗೆ ಹೊಟ್ಟೆ ಉಬ್ಬಿ ಊಟ ಸೇರದಿದ್ದರೆ ಕರೆಸಿ ನೋಡಬೇಕು. ಒಂದು ಸ್ಕ್ಯಾನ್, ಒಂದು ಲಿವರ್ ಟೆಸ್ಟ್ ಮಾಡಬೇಕು. ಬೇಗ ಸಿಕ್ಕಿದ್ದರೆ ಪೆಟ್ಟು ಪೆಟ್ಟೇ, ಆದರೆ ಸೋಂಕು ಇಷ್ಟು ಏರುತ್ತಿರಲಿಲ್ಲ. ತೊಡಕು ಆಗುವುದು ಯಾರ ಕೈಯಲ್ಲೂ ಇಲ್ಲ. ತೊಡಕು ಆಗಿದೆಯಾ ಅಂತ ನೋಡುವುದು ಡಾಕ್ಟರ ಕೈಯಲ್ಲೇ ಇದೆ.

ಕರಿಕೋಟು, ಕಾರವಾರ

ಡಾಕ್ಟ್ರು ಹೇಳಿದ್ದೇ ಕಾನೂನು ಕೂಡ. ಸಾಮಾನ್ಯ ಜಾಣ್ಮೆಯ ಬೇರೆ ಡಾಕ್ಟರು ಆ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದರು, ಇವರು ಅಷ್ಟನ್ನಾದರೂ ಮಾಡಿದರಾ ಅನ್ನುವುದೇ ಅಳತೆ. ಗುಣವಾಗಲಿಲ್ಲ ಅಂದ ಮಾತ್ರಕ್ಕೆ ತಪ್ಪು ಅಲ್ಲ. ಎಲ್ಲ ಕೇಸಿಗೂ ತಜ್ಞರ ಸಾಕ್ಷಿ ಬೇಕೇಬೇಕು ಅಂತಿಲ್ಲ, ಸುಪ್ರೀಂ ಕೋರ್ಟಿನ 2010ರ ಕಿಶನ್ ರಾವ್ ತೀರ್ಪಿನಲ್ಲಿ ಹಾಗೆ ಹೇಳಿದ್ದಾರೆ. ಹೊಟ್ಟೆಯಲ್ಲಿ ಬಟ್ಟೆ ಬಿಟ್ಟುಹೊಲಿದ ಥರದ ಕೇಸಿಗೆ ಬೇಡ. ನಿಮ್ಮಂಥ ಕೇಸಿಗೆ ಬೇಕಾಗುತ್ತದೆ. ಮಂಗಳೂರಿನ ಡಾಕ್ಟರು ಬಂದು ಸಾಕ್ಷಿ ಹೇಳುತ್ತಾರೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅವರ ಕಾಗದ ಸಾಕ್ಷಿ ಹೇಳುತ್ತದೆ.

ಫೋನ್ ಬದಲಾಯಿಸಬೇಡಿ. ಕಾಲ್ ಲಾಗ್ ಸ್ಕ್ರೀನ್‌ಶಾಟ್ ತೆಗೆದಿಡಿ. ಅದಕ್ಕೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರ ಬೇಕು, ವಕೀಲರು ಮಾಡಿಕೊಡುತ್ತಾರೆ. ಡೇರಿ ಪುಸ್ತಕವನ್ನೂ ಜೋಪಾನ ಮಾಡಿ. ತಮಾಷೆಗಲ್ಲ, ಅವತ್ತವತ್ತೇ ಬರೆದ ಕೈಬರಹಕ್ಕೆ ಬೆಲೆ ಇದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಯಾರು?

ಶಿರಸಿ ಕಡೆಯವಳು

ತಮ್ಮ ಹಾಕಿದ. ಪೂರ್ತಿ ಇಂಗ್ಲಿಷಿನಲ್ಲಿತ್ತು. ಕೌಂಟರಿನಲ್ಲೇ ನಾಲ್ಕು ಕಡೆ ಪೆನ್ಸಿಲ್ ಗುರುತು ಮಾಡಿಕೊಟ್ಟರು. ಆಯಿ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು.

ಕರಿಕೋಟು, ಕಾರವಾರ

ಇದು ಚಿಕ್ಕ ವಿಷಯ ಅಲ್ಲ. ಎಚ್ಚರ ಇರುವ, ಬುದ್ಧಿ ಸರಿಯಿರುವ ದೊಡ್ಡವರ ಒಪ್ಪಿಗೆ ಅವರೇ ಕೊಡಬೇಕು. ಸಮೀರಾ ಕೊಹ್ಲಿ ಪ್ರಕರಣ ಅಂತ 2008ರದ್ದು. ಪರೀಕ್ಷೆಗೆ ಅಂತ ಒಪ್ಪಿಕೊಂಡಿದ್ದ ಹೆಂಗಸಿಗೆ ಅರಿವಳಿಕೆ ಕೊಟ್ಟ ಮೇಲೆ, ಹೊರಗಿದ್ದ ತಾಯಿಯನ್ನು ಕೇಳಿ ಗರ್ಭಕೋಶ ತೆಗೆದರು. ತಾಯಿಯ ಒಪ್ಪಿಗೆ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಪರಿಹಾರ ಎಷ್ಟು ಗೊತ್ತಾ? 25,000 ರೂಪಾಯಿ, ಜೊತೆಗೆ ಡಾಕ್ಟರಿಗೆ ಫೀಸು ಇಲ್ಲ. ಅದೇ ಸುಪ್ರೀಂ ಕೋರ್ಟ್ 2013ರಲ್ಲಿ ಅನುರಾಧಾ ಸಾಹಾ ಪ್ರಕರಣದಲ್ಲಿ 6 ಕೋಟಿ ಹತ್ತಿರ ಕೊಟ್ಟಿತು. ಆಕೆ ತೀರಿಕೊಂಡಿದ್ದು 1998ರಲ್ಲಿ. ಪೇಪರಿನಲ್ಲಿ ಬರುವುದು ಎರಡನೆಯದು. ಅದನ್ನು ನೋಡಿ ಲೆಕ್ಕ ಹಾಕಬೇಡಿ.

ಕುಮಟಾ ಭಾವ

ಹೋದವರು ಹೇಳಿ ಅಂದಿರಲ್ಲ, ನಾನು ಹೋದವನು. ಅಪ್ಪನ ಕಣ್ಣಿನ ಪೊರೆ ಆಪರೇಶನ್ ಆಗಿ ಕೀವಾಯಿತು, ಆ ಕಣ್ಣು ಹೋಯಿತು. ಯಾವ ಊರು, ಯಾವ ಆಸ್ಪತ್ರೆ ಬೇಡ. ಕಾಯ್ದೆ ಓದಿದರೆ 3 ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತಿದೆ. ಓದಿ ಖುಷಿಪಟ್ಟೆ. ನಮ್ಮದು ವರ್ಷಗಟ್ಟಲೆ ನಡೆಯಿತು. ಇವತ್ತು ಅವರ ವಕೀಲರಿಲ್ಲ, ನಾಳೆ ಸದಸ್ಯರ ಕುರ್ಚಿ ಖಾಲಿ, ನಾಡಿದ್ದು ತಜ್ಞರ ವರದಿ ಬಂದಿಲ್ಲ. ಅಪ್ಪನಿಗೆ ಎದುರಿನ ವಕೀಲರು ಪಾಟೀಸವಾಲು ಹಾಕಿದ ದಿನ, ನೀವು ಹನಿ ಔಷಧಿ ಹೊತ್ತಿಗೆ ಸರಿಯಾಗಿ ಹಾಕಿಕೊಂಡಿರಾ, ತೋಟದ ಕೆಲಸಕ್ಕೆ ಹೋಗಿರಲಿಲ್ಲವಾ ಅಂತೆಲ್ಲ ಕೇಳಿದರು. ಹೊರಗೆ ಬಂದು ಅಪ್ಪ, ಇನ್ನು ನನ್ನನ್ನು ಕರೆಯಬೇಡ ಅಂದುಬಿಟ್ಟರು.

ಗೆದ್ದೆವು. ಅವರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋದರು. ಅಲ್ಲಿ ಮಾತುಕತೆ ಆಗಿ ಸ್ವಲ್ಪ ಕಡಿಮೆಗೆ ಮುಗಿಸಿಕೊಂಡೆವು. ಹಾಕಬೇಡಿ ಅಂತ ಹೇಳುತ್ತಿಲ್ಲ. ಆದರೆ ಕಟಕಟೆಯ ಮಾತು ಕೇಳಿಸಿಕೊಳ್ಳಬೇಕಾದವರು ನೀವೂ ಅಲ್ಲ, ನಿಮ್ಮ ತಮ್ಮನೂ ಅಲ್ಲ. ಆಯಿಯನ್ನು ಕೇಳಿದಿರಾ? ನಿಮ್ಮ ಪೋಸ್ಟಿನಲ್ಲಿ ಎಲ್ಲರ ಅಭಿಪ್ರಾಯ ಇದೆ, ಅವರದ್ದೇ ಇಲ್ಲ.

ಅಘನಾಶಿನಿ

ನನ್ನದೊಂದು ಬೇರೆ ಮಾತು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಇಲ್ಲ ಅಂತ ನಾವೇ ಬೊಬ್ಬೆ ಹೊಡೆದೆವು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ಕು ಜನ ಹೋದರು. ಆಗ ಇಡೀ ಜಿಲ್ಲೆ ಆಸ್ಪತ್ರೆ ಬೇಕು ಅಂತ ಎದ್ದು ಕೂತಿತ್ತು. ಈಗ ಪ್ರತಿ ತೊಡಕಿಗೂ ಕೇಸು ಅಂತಾದರೆ ಸಣ್ಣ ಊರಿನ ಡಾಕ್ಟ್ರು ಯಾಕೆ ಕೈ ಹಾಕುತ್ತಾರೆ? ಸ್ವಲ್ಪ ಕಷ್ಟದ ಕೇಸು ಅಂದರೆ ಮಂಗಳೂರು, ಮಣಿಪಾಲ, ಗೋವಾ ಅಂತ ಚೀಟಿ ಬರೆದುಕೊಡುತ್ತಾರೆ. ದಾರಿಯಲ್ಲಿ ಸಾಯುವವರು ನಾವೇ.

ಹೊನ್ನಾವರದ ಸಿಸ್ಟರ್

ನೀವು ಹೇಳುವ ಭಯ ಸುಳ್ಳಲ್ಲ ಅಣ್ಣ, ನಾನೂ ಕಂಡಿದ್ದೇನೆ. ಆದರೆ ಇಲ್ಲಿ ಕಷ್ಟದ ಕೇಸಿಗೆ ಕೈ ಹಾಕಿದ್ದಕ್ಕೆ ಯಾರೂ ದೂರುತ್ತಿಲ್ಲ. ಹೊಟ್ಟೆ ಉಬ್ಬಿದೆ ಅಂತ ಮನೆಯವರು ಫೋನ್ ಮಾಡಿದಾಗ ಬನ್ನಿ ಅನ್ನಲು ಎಂಥ ಸೂಪರ್ ಸ್ಪೆಷಾಲಿಟಿ ಬೇಕು? ಶಿರಸಿಯ ಡಾಕ್ಟ್ರು ಬರೀ ಕೈಯಲ್ಲಿ ಮುಟ್ಟಿ ಹಿಡಿದರಲ್ಲ.

ಕತ್ತರಿ

ಸಿಸ್ಟರ್ ಮಾತಿಗೆ ನನ್ನದೂ ಒಂದು ಓಟು. ಇನ್ನೊಂದು ವಿಷಯ. ತುಂಬ ಡಾಕ್ಟರ ಹತ್ತಿರ ಇಂಥದ್ದಕ್ಕೆ ಅಂತಲೇ ವಿಮೆ ಇರುತ್ತದೆ. ತಪ್ಪು ಅಂತ ತೀರ್ಮಾನವಾದರೆ ದುಡ್ಡು ಹೆಚ್ಚಾಗಿ ವಿಮಾ ಕಂಪನಿಯದ್ದು. ಹಾಗಾಗಿ ಡಾಕ್ಟರ ಮನೆ ಮುಳುಗಿಸಿದ ಪಾಪ ಅಂತ ಅಪ್ಪಯ್ಯ ಹೆದರಬೇಕಾಗಿಲ್ಲ. ಆದರೆ ಅದೇ ಕಾರಣಕ್ಕೆ ಡಾಕ್ಟರು ಎದುರು ಬಂದು ಸಾರಿ ಅನ್ನುವುದೂ ಕಷ್ಟ. ಬಾಯಿ ಬಿಡಬೇಡಿ ಅಂತ ವಕೀಲರು ಹೇಳಿರುತ್ತಾರೆ.

ಶಿರಸಿ ಕಡೆಯವಳು

ಕುಮಟಾ ಭಾವನ ಮಾತು ಚುಚ್ಚಿತು. ನಿಜ, ಆಯಿಯನ್ನು ಯಾರೂ ಕೇಳಿರಲಿಲ್ಲ. ಇವತ್ತು ಮಧ್ಯಾಹ್ನ ಊಟ ಆದ ಮೇಲೆ ಕೇಳಿದೆ. ಎಲೆಯಡಿಕೆಯ ಕವಳ ಹಾಕುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಯಂಗೆ ದುಡ್ಡು ಬ್ಯಾಡ" ಅಂದಳು. ಸರಿ, ಹಾಗಾದರೆ ಬಿಡೋಣವಾ ಅಂದೆ. ಬಿಡುವುದಲ್ಲ, ನೀನು ಫೋನ್ ಮಾಡಿದಾಗ ಕರೆದುಕೊಂಡು ಬಾ ಅಂತ ಯಾಕೆ ಹೇಳಲಿಲ್ಲ, ಅದನ್ನು ಅವರ ಬಾಯಿಂದ ಕೇಳಬೇಕು ಅಂದಳು. ಅಪ್ಪಯ್ಯ ಎದ್ದು ತೋಟಕ್ಕೆ ಹೋದರು.

ದುಡ್ಡು ಬೇಡ ಅಂದರೆ ಯಾವ ದಾರಿ ಸರ್? ಮೆಡಿಕಲ್ ಕೌನ್ಸಿಲ್‌ಗೆ ಬರೆಯುವುದಾ?

ಕರಿಕೋಟು, ಕಾರವಾರ

ಬರೆಯಬಹುದು. ಕರ್ನಾಟಕ ಮೆಡಿಕಲ್ ಕೌನ್ಸಿಲ್ ಇರುವುದು ಬೆಂಗಳೂರಿನಲ್ಲಿ. ತಪ್ಪು ಕಂಡರೆ ಎಚ್ಚರಿಕೆ ಕೊಡಬಹುದು, ನೋಂದಣಿಯನ್ನು ಸ್ವಲ್ಪ ಕಾಲ ಅಮಾನತು ಮಾಡಬಹುದು. ಪರಿಹಾರ ಕೊಡಿಸುವುದಿಲ್ಲ. ಖಾಸಗಿ ಆಸ್ಪತ್ರೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವೂ ಇದೆ. ಆದರೆ ಆಸ್ಪತ್ರೆ ಹುಬ್ಬಳ್ಳಿಯಲ್ಲಿರುವುದರಿಂದ ಅದಕ್ಕೆ ನೀವು ಧಾರವಾಡಕ್ಕೆ ಹೋಗಬೇಕು.

ಗ್ರಾಹಕ ಆಯೋಗದಲ್ಲಿ ಆ ತೊಂದರೆ ಇಲ್ಲ. 2019ರ ಕಾಯ್ದೆ ಬಂದ ಮೇಲೆ ದೂರುದಾರರು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು. ನಿಮಗೆ ಕಾರವಾರ. ಅದೇನು ಹತ್ತಿರವಾ ಅಂತ ಶಿರಸಿಯವರು ನಗುತ್ತೀರಿ, ಗೊತ್ತು. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಶಿರಸಿಗೆ ಪ್ರತ್ಯೇಕ ಜಿಲ್ಲೆ ಬೇಕು ಅನ್ನುವ ಜಗಳ ಇಲ್ಲಿ ಬೇಡ. ಆನ್‌ಲೈನಿನಲ್ಲೂ ದೂರು ಹಾಕಲು ಬರುತ್ತದೆ. ಶುಲ್ಕ ನೀವು ಕೇಳುವ ಪರಿಹಾರದ ಮೇಲೆ ಅಲ್ಲ, ಆಸ್ಪತ್ರೆಗೆ ಕೊಟ್ಟ ಹಣದ ಮೇಲೆ. ಅದು 5 ಲಕ್ಷದೊಳಗಿದ್ದರೆ ಏನೂ ಇಲ್ಲ. ವಿಮೆಯವರು ಕಟ್ಟಿದ್ದರೂ ನೀವು ಗ್ರಾಹಕರೇ. ಸುಪ್ರೀಂ ಕೋರ್ಟಿನ 1995ರ ಶಾಂತಾ ತೀರ್ಪಿನಲ್ಲೇ ಅದು ಇತ್ಯರ್ಥ ಆಗಿದೆ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಆಗಿದ್ದರೆ ಈ ದಾರಿ ಇರುತ್ತಿರಲಿಲ್ಲ.

ವಕೀಲರ ಫೀಸಿನ ಚಿಂತೆ ಇದ್ದರೆ ಶಿರಸಿ ಕೋರ್ಟಿನ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ.

ಆಯಿಯ ಮಾತಿಗೆ ಬರುತ್ತೇನೆ. ಮೊದಲು ಒಂದು ನೋಟಿಸ್ ಕೊಡಿ. ಅದರಲ್ಲಿ ದುಡ್ಡಿನ ಜೊತೆಗೆ ಆ ಪ್ರಶ್ನೆಯನ್ನೂ ಬರೆಯಿರಿ: ಇಂಥ ದಿನ, ಇಂಥ ಹೊತ್ತಿಗೆ ಫೋನ್ ಬಂದಾಗ ಉತ್ತರ ಕೊಟ್ಟವರು ಯಾರು, ಅವರ ಅರ್ಹತೆ ಏನು, ಸರ್ಜನ್ನಿಗೆ ತಿಳಿಸಿದರಾ? ಆಯೋಗಕ್ಕೆ ಹೋದ ಮೇಲೂ ಎರಡೂ ಕಡೆ ಒಪ್ಪಿದರೆ ಮಧ್ಯಸ್ಥಿಕೆಗೆ ಕಳಿಸುತ್ತಾರೆ. ಎದುರು ಬದುರು ಕೂತು ಕೇಳಲು ಇರುವ ಜಾಗ ಅದೊಂದೇ. ದುಡ್ಡು ಕೇಳದೆ ಬರೀ ಪ್ರಶ್ನೆ ಕೇಳಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ, ಇದು ನನ್ನ ಅನುಭವ. ಸೊಸೈಟಿ ಸಾಲ ಆಯಿಯದ್ದಲ್ಲದಿರಬಹುದು, ಆದರೆ ಮನೆಯದ್ದು ಹೌದು.

ಶಿರಸಿ ಕಡೆಯವಳು

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ರೆಕಾರ್ಡ್ ಬಂತು. ಮೊದಲು ಮೇಲಿನವರು ಊರಲ್ಲಿಲ್ಲ ಅಂದರು. ಸಿಸ್ಟರ್ ಹೇಳಿದ ಹಾಗೆ ಸ್ಪೀಡ್ ಪೋಸ್ಟ್ ಮಾಡಿದ ಮೇಲೆ ಕೊಟ್ಟರು. ವಿಡಿಯೋ ಇಟ್ಟುಕೊಂಡಿಲ್ಲವಂತೆ. ಮಂಗಳೂರಿನ ಸಮ್ಮರಿಯಲ್ಲಿ 'ಇ2' ಅಂತಿದೆ. ನಮ್ಮೂರಿನ ಡಾಕ್ಟ್ರ ಹತ್ತಿರ ಕೂತು ಎಲ್ಲ ಓದಿಸಿದೆ. ಆಪರೇಶನ್ ನೋಟ್ಸ್ ಅರ್ಧ ಪುಟವೂ ಇಲ್ಲ, ಅಚ್ಚು ಹಾಕಿದ ಹಾಳೆಯಲ್ಲಿ ಹೆಸರು ತುಂಬಿಸಿದ ಹಾಗಿದೆ. ನರ್ಸಿಂಗ್ ನೋಟ್ಸಿನಲ್ಲಿ ಡಿಸ್ಚಾರ್ಜಿನ ಹಿಂದಿನ ರಾತ್ರಿ ಹೀಗಿದೆ: ಹೊಟ್ಟೆ ಉಬ್ಬರ, ವಾಂತಿ ಒಂದು ಸಲ, ನಾಡಿ 112, ಡ್ಯೂಟಿ ಡಾಕ್ಟರಿಗೆ ತಿಳಿಸಲಾಗಿದೆ. ಅದರ ಕೆಳಗೆ ಯಾವ ಡಾಕ್ಟರ ಬರಹವೂ ಇಲ್ಲ. ಬೆಳಿಗ್ಗೆ ಸ್ಥಿತಿ ತೃಪ್ತಿಕರ ಅಂತ ಬರೆದು ಕಳಿಸಿದ್ದಾರೆ.

ಅಪ್ಪಯ್ಯನಿಗೆ ಆ ಸಾಲು ಕನ್ನಡ ಮಾಡಿ ಹೇಳಿದೆ. ಮತ್ತೊಮ್ಮೆ ಓದು ಅಂದರು. ಕೇಸಿಗೆ ಇನ್ನೂ ಹೂಂ ಅಂದಿಲ್ಲ. ನೋಟಿಸ್ ಕೊಡುವುದಾದರೆ ಕೊಡಿ, ಮಾವನಿಗೆ ನಾನೇ ಹೇಳುತ್ತೇನೆ ಅಂದರು.

ಕತ್ತರಿ

ಆ ರಾತ್ರಿ ನೋಟ್ಸ್ ಬರೆದ ಹುಡುಗಿ ತನ್ನ ಕೆಲಸ ಮಾಡಿದ್ದಾಳೆ. ನಾಡಿ 112 ಇರುವವರನ್ನು ಪರೀಕ್ಷೆ ಮಾಡದೆ ನಾನಂತೂ ಮನೆಗೆ ಕಳಿಸುವುದಿಲ್ಲ. ಸಾಕ್ಷಿಗೆ ಬರಲಾರೆ. ಆದರೆ ಆ ಪುಟಗಳನ್ನು ಓದಿ ಏನು ಕೇಳಬೇಕು ಅಂತ ನಿಮ್ಮ ವಕೀಲರಿಗೆ ಬರೆದುಕೊಡಬಲ್ಲೆ. ಹೆಸರು ಮುಚ್ಚಿ ಕಳಿಸಿ.

ಕುಮಟಾ ಭಾವ

ಇಷ್ಟು ಕಾಗದ ನಮ್ಮ ಕೈಯಲ್ಲಿ ಇರಲಿಲ್ಲ. ಮುಂದುವರಿಯಿರಿ ತಂಗಿ. ಆಯಿಯ ಹೇಳಿಕೆಯನ್ನು ಅಫಿಡವಿಟ್ಟಿನಲ್ಲೇ ಕೊಟ್ಟು, ಎದುರಿನವರ ಪ್ರಶ್ನೆ ಬರಹದಲ್ಲೇ ಬರಲಿ ಅಂತ ಕೇಳಲು ಸಾಧ್ಯವಾ ನೋಡಿ. ಸಾಧ್ಯವಾದರೆ ಅವರನ್ನು ಬಸ್ಸಿನಲ್ಲಿ ಅಲೆಸುವುದು ತಪ್ಪುತ್ತದೆ.

ಕರಿಕೋಟು, ಕಾರವಾರ

ಸಾಧ್ಯ. ಆಯೋಗದಲ್ಲಿ ಸಾಕ್ಷ್ಯ ಹೆಚ್ಚಾಗಿ ಅಫಿಡವಿಟ್ಟಿನಲ್ಲೇ ನಡೆಯುತ್ತದೆ, ಪ್ರಶ್ನಾವಳಿ ಬರಹದಲ್ಲೇ ಕೊಡಿ ಅಂತ ಕೇಳಬಹುದು. ದೂರು ಆಯಿಯ ಹೆಸರಿನಲ್ಲೇ ಇರಲಿ, ತಮ್ಮನ ಹೆಸರಿನಲ್ಲಿ ಬೇಡ. ಆಸ್ಪತ್ರೆ, ಸರ್ಜನ್ ಇಬ್ಬರನ್ನೂ ಎದುರುದಾರರಾಗಿ ಸೇರಿಸಿ. ನೋಟಿಸಿಗೆ ಉತ್ತರ ಬರಲಿ ಅಂತ ತಿಂಗಳುಗಟ್ಟಲೆ ಕಾಯಬೇಡಿ. 2 ವರ್ಷದ ಗಡಿಯಾರ ನೋಟಿಸಿಗೆ ನಿಲ್ಲುವುದಿಲ್ಲ.

ಹೊನ್ನಾವರದ ಸಿಸ್ಟರ್

ಕೇಸಿನ ಮಧ್ಯೆ ಒಂದು ಕೇಳುವುದು ಉಳಿದಿತ್ತು. ಆಯಿಗೆ ಲಿವರ್ ಟೆಸ್ಟ್ ಆಗಾಗ ಮಾಡಿಸುತ್ತಿದ್ದೀರಾ? ಕರುಳಿಗೆ ಜೋಡಿಸಿದ ಜಾಗ ವರ್ಷಗಳ ಮೇಲೂ ಕಿರಿದಾಗಬಹುದು. ಚಳಿಜ್ವರ ಬಂದರೆ, ಕಣ್ಣು ಹಳದಿ ಅನ್ನಿಸಿದರೆ, ಮೈ ತುರಿಸಿದರೆ ಮನೆಮದ್ದು ಅಂತ ಕೂರಬೇಡಿ.

ಶಿರಸಿ ಕಡೆಯವಳು

ಮಾಡಿಸುತ್ತಿದ್ದೇವೆ ಅಕ್ಕ, ಶಿರಸಿಯಲ್ಲೇ. ರಿಪೋರ್ಟ್ ಮಂಗಳೂರಿಗೆ ವಾಟ್ಸ್ಯಾಪ್ ಮಾಡುತ್ತೇನೆ. ಸರ್, ಈ ಟೆಸ್ಟಿನ ಬಿಲ್ಲುಗಳನ್ನೂ ಸೇರಿಸಬಹುದಾ?

ಕರಿಕೋಟು, ಕಾರವಾರ

ಸೇರಿಸಿ. ಆಂಬುಲೆನ್ಸ್ ಬಾಡಿಗೆ ರಸೀದಿಯನ್ನೂ ಸೇರಿಸಿ. ಮುಂದೆ ಬರುವ ಖರ್ಚಿಗೆ ಮಂಗಳೂರಿನವರಿಂದ ಒಂದು ಸಾಲು ಬರೆಸಿಕೊಳ್ಳಿ, ಎಷ್ಟು ಕಾಲ ತಪಾಸಣೆ ಬೇಕು ಅಂತ. ಅಷ್ಟನ್ನು ಅವರು ಬರೆದುಕೊಡುತ್ತಾರೆ. ಗುರುವಾರ ಶಿರಸಿ ಕೋರ್ಟಿಗೆ ಬರುವವನಿದ್ದೇನೆ. ಫೈಲು ತಂದರೆ ನೋಡುತ್ತೇನೆ, ಫೀಸು ಬೇಡ.